ಎರಡಾಣೆಯ ಪಾಠ



ನಾನು ಹುಟ್ಟಿ ಬೆಳೆದದ್ದು ಉಡುಪಿಯ ಹತ್ತಿರದ ಒಂದು ಹಳ್ಳಿಯಲ್ಲಿ. ಅಮ್ಮ ಬೀಡಿ ಕಟ್ಟುತ್ತಿದ್ದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಂಗಳದ ತುದಿಯಲ್ಲಿ ಸೈಕಲ್ ಗಂಟೆ ಕೇಳಿಸುತ್ತಿತ್ತು. ಬ್ಯಾಂಕಿನ ಪರವಾಗಿ ದಿನದ ಉಳಿತಾಯ ಒಯ್ಯುವ ಪಿಗ್ಮಿಯವರು ಬಂದರು ಎಂದು ನಾವು ಮಕ್ಕಳು ಓಡುತ್ತಿದ್ದೆವು. ಅಮ್ಮ ಮಡಿಲಲ್ಲಿದ್ದ ಗೆರಸೆಯನ್ನು ಪಕ್ಕಕ್ಕಿಟ್ಟು, ಸೆರಗಿನ ಗಂಟು ಬಿಚ್ಚಿ, ಎಂಟಾಣೆಯ ಒಂದು ನಾಣ್ಯ ತೆಗೆದುಕೊಡುತ್ತಿದ್ದಳು. ಅವರು ಕಾರ್ಡಿನಲ್ಲಿ ಬರೆದು, ಸಹಿ ಹಾಕಿ, ಮುಂದಿನ ಮನೆಗೆ ಹೋಗುತ್ತಿದ್ದರು. ಕೈಯಲ್ಲಿ ಕಾಸಿಲ್ಲದ ದಿನ ಅಮ್ಮ ನಾಲ್ಕಾಣೆ ಕೊಡುತ್ತಿದ್ದಳು. ಏನೂ ಕೊಡದೆ ಅವರನ್ನು ಕಳಿಸಿದ ದಿನ ನನ್ನ ನೆನಪಿನಲ್ಲಿಲ್ಲ. ನಾನು ಹೈಸ್ಕೂಲಿಗೆ ಸೇರಿದ್ದು ಆ ಕಾರ್ಡಿನ ಹಣದಿಂದ.

ಮುಂದೆ ನಾನೂ ಬ್ಯಾಂಕಿನ ಕೆಲಸಕ್ಕೆ ಸೇರಿ, ಮೂವತ್ತೈದು ವರ್ಷ ಕೌಂಟರಿನ ಆಚೆ ಕುಳಿತು ಜನರ ಹಣ ಎಣಿಸಿದೆ. ಆದರೆ ಉಳಿತಾಯದ ಬಗ್ಗೆ ನಾನು ಕಲಿತ ಮೊದಲ ಪಾಠ ಆ ಸೈಕಲ್ ಗಂಟೆಯದು. ಇವತ್ತು ಮಾತಾಡಬೇಕಾಗಿರುವುದು ಕಡಿಮೆ ಖರ್ಚಿನ ನಿಧಿಗಳಲ್ಲಿ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಹೂಡುವ ಕ್ರಮದ ಬಗ್ಗೆ. ಹೆಸರು ಹೊಸದು. ಅಭ್ಯಾಸ ಮಾತ್ರ ನಮ್ಮ ಅಂಗಳದ್ದೇ.

ಆ ಅಭ್ಯಾಸದ ಕಥೆಯನ್ನು ಸ್ವಲ್ಪ ಹೇಳುತ್ತೇನೆ. 1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಒಂದು ಸಂಸ್ಥೆ ಕಟ್ಟಿದರು. ಉಪೇಂದ್ರ ಅನಂತ ಪೈಯವರು ವ್ಯಾಪಾರಿ, ವಾಮನ ಕುಡ್ವರು ಎಂಜಿನಿಯರ್, ಟಿ.ಎಂ.ಎ. ಪೈಯವರು ವೈದ್ಯರು. ಕೈಮಗ್ಗ ಸೋತು ಕಂಗಾಲಾಗಿದ್ದ ಊರಿನ ನೇಕಾರರಿಗೆ ನೆರವಾಗಬೇಕೆಂಬುದು ಅವರ ಉದ್ದೇಶ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು ಇದೇ. 1928ರಲ್ಲಿ ಇವರು ಪಿಗ್ಮಿ ಠೇವಣಿ ಆರಂಭಿಸಿದರು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನವರೇ ಮನೆ ಬಾಗಿಲಿಗೆ ಬಂದು ಒಯ್ಯುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುವವರ ಹತ್ತಿರ ಬ್ಯಾಂಕೇ ನಡೆದುಹೋಯಿತು. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಪಿಗ್ಮಿ ಎಂಬ ಮಾತು ಕರಾವಳಿಯ ಮನೆಮನೆಯಲ್ಲಿ ಇವತ್ತಿಗೂ ಉಳಿದಿದೆ.

ಎರಡಾಣೆಯ ಗುಟ್ಟು ಏನು? ಮೊತ್ತ ಎಷ್ಟು ಸಣ್ಣದೆಂದರೆ, ಕೊಟ್ಟದ್ದು ಸಂಸಾರಕ್ಕೆ ಗೊತ್ತೇ ಆಗುವುದಿಲ್ಲ. ಕೊಡುವ ಹೊತ್ತು ನಿಗದಿಯಾಗಿರುವುದರಿಂದ ಇವತ್ತು ಕೊಡಲೋ ಬೇಡವೋ ಎಂಬ ಚರ್ಚೆ ಮನಸ್ಸಿನಲ್ಲಿ ಏಳುವುದಿಲ್ಲ. ಖರ್ಚು ಮಾಡಿ ಉಳಿದದ್ದನ್ನು ಕೂಡಿಡುತ್ತೇನೆ ಎನ್ನುವವರಿಗೆ ತಿಂಗಳ ಕೊನೆಗೆ ಏನೂ ಉಳಿದಿರುವುದಿಲ್ಲ. ಮೊದಲು ಎತ್ತಿಟ್ಟು ಆಮೇಲೆ ಖರ್ಚು ಮಾಡಿದವರ ಹತ್ತಿರ ಉಳಿದಿರುತ್ತದೆ.

ಹಾಗಾದರೆ ಪಿಗ್ಮಿ, ಅಂಚೆ ಕಚೇರಿಯ ಆರ್‌ಡಿ, ಎಫ್‌ಡಿ ಇಷ್ಟೇ ಸಾಲದೇ? ಐದು ವರ್ಷದೊಳಗೆ ಬೇಕಾಗುವ ಹಣಕ್ಕೆ ಅವೇ ಸರಿ, ಬೇರೆ ಕಡೆ ಹೋಗಲೇಬೇಡಿ. ತೊಂದರೆ ಇರುವುದು ಇಪ್ಪತ್ತು, ಇಪ್ಪತ್ತೈದು ವರ್ಷ ಆಚೆಗೆ ಬೇಕಾಗುವ ಹಣದಲ್ಲಿ. ಸಾಮಾನಿನ ಬೆಲೆ ವರ್ಷಕ್ಕೆ ನೂರಕ್ಕೆ ಆರರಂತೆ ಏರುತ್ತ ಹೋದರೆ ಹನ್ನೆರಡು ವರ್ಷದಲ್ಲಿ ಅದು ಎರಡು ಪಟ್ಟಾಗುತ್ತದೆ. ಇವತ್ತು ತಿಂಗಳಿಗೆ ಇಪ್ಪತ್ತು ಸಾವಿರದಲ್ಲಿ ನಡೆಯುವ ಸಂಸಾರಕ್ಕೆ ಆಗ ನಲವತ್ತು ಸಾವಿರ ಬೇಕು, ಇನ್ನೂ ಹನ್ನೆರಡು ವರ್ಷ ಕಳೆದರೆ ಎಂಬತ್ತು ಸಾವಿರ. ಠೇವಣಿಯ ಬಡ್ಡಿ ಈ ಏರಿಕೆಯ ಜತೆಗೆ ಏದುಸಿರು ಬಿಡುತ್ತ ಓಡುತ್ತದೆ. ಅದರಲ್ಲಿ ತೆರಿಗೆಯೂ ಹೋದರೆ ಹಿಂದೆಯೇ ಬೀಳುತ್ತದೆ. ಅಮ್ಮನ ಎಂಟಾಣೆ ಎಲ್ಲಿಯೂ ಕಳೆದುಹೋಗಲಿಲ್ಲ, ನಿಜ. ಆದರೆ ಎಂಟಾಣೆಗೆ ಸಿಗುತ್ತಿದ್ದ ಸಾಮಾನು ಕಳೆದುಹೋಯಿತು.

ಹೀಗಾಗಿ ದೂರದ ಹಣದ ಒಂದು ಪಾಲನ್ನು ದೇಶದ ಉದ್ಯಮಗಳ ಬೆಳವಣಿಗೆಯಲ್ಲಿ ಇಡಬೇಕಾಗುತ್ತದೆ, ಅಂದರೆ ಷೇರಿನಲ್ಲಿ. ಆದರೆ ಯಾವ ಕಂಪನಿಯ ಷೇರು? ಇಲ್ಲಿಯೇ ಜನ ಕೈ ಸುಟ್ಟುಕೊಳ್ಳುವುದು. ಅದಕ್ಕೊಂದು ಸರಳವಾದ ಉತ್ತರವುಂಟು: ಒಂದನ್ನು ಆರಿಸಬೇಡಿ, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕೊಳ್ಳಿ.

ಸೆನ್ಸೆಕ್ಸ್, ನಿಫ್ಟಿ ಎಂಬ ಹೆಸರುಗಳನ್ನು ದಿನವೂ ವಾರ್ತೆಯಲ್ಲಿ ಕೇಳುತ್ತೀರಿ. ಸೆನ್ಸೆಕ್ಸ್ ಅಂದರೆ ಮುಂಬೈ ಷೇರುಪೇಟೆಯ 30 ದೊಡ್ಡ ಕಂಪನಿಗಳ ಪಟ್ಟಿ. ನಿಫ್ಟಿ ಅಂದರೆ ರಾಷ್ಟ್ರೀಯ ಷೇರುಪೇಟೆಯ 50 ಕಂಪನಿಗಳ ಪಟ್ಟಿ. ಬ್ಯಾಂಕು, ಸಿಮೆಂಟು, ಔಷಧ, ವಾಹನ, ಸಾಫ್ಟ್‌ವೇರ್ ಎಲ್ಲವೂ ಅದರಲ್ಲಿವೆ, ನಮ್ಮ ಬೆಂಗಳೂರಿನ ಇನ್ಫೋಸಿಸ್ ಕೂಡ. ಈ ಪಟ್ಟಿಯಲ್ಲಿ ಯಾವ ಕಂಪನಿ ಎಷ್ಟು ಪ್ರಮಾಣದಲ್ಲಿದೆಯೋ ಅಷ್ಟೇ ಪ್ರಮಾಣದಲ್ಲಿ ಷೇರು ಕೊಂಡು ಸುಮ್ಮನಿರುವ ಮ್ಯೂಚುವಲ್ ಫಂಡಿಗೆ ಇಂಡೆಕ್ಸ್ ಫಂಡ್ ಅನ್ನುತ್ತಾರೆ. ಕನ್ನಡದಲ್ಲಿ ಸೂಚ್ಯಂಕ ನಿಧಿ ಎನ್ನೋಣ. ನೀವು ಹಾಕುವ ಐನೂರು ರೂಪಾಯಿ ಐವತ್ತು ಕಂಪನಿಗಳಿಗೂ ಹಂಚಿಹೋಗುತ್ತದೆ.

ಅವುಗಳಲ್ಲಿ ಒಂದು ಕಂಪನಿ ಮುಳುಗಿದರೆ? 2009ರ ಜನವರಿ 7ರಂದು ಸತ್ಯಂ ಕಂಪನಿಯ ಅಧ್ಯಕ್ಷರು ಲೆಕ್ಕಪತ್ರ ಸುಳ್ಳು ಎಂದು ತಾವೇ ಒಪ್ಪಿಕೊಂಡರು. ಒಂದೇ ದಿನದಲ್ಲಿ ಆ ಷೇರಿನ ಬೆಲೆ ಮುಕ್ಕಾಲು ಪಾಲಿಗಿಂತ ಹೆಚ್ಚು ಕರಗಿತು. ಇದ್ದಬದ್ದದ್ದನ್ನೆಲ್ಲ ಅದರಲ್ಲೇ ಇಟ್ಟವರ ಗತಿ ಏನಾಗಿರಬೇಡ! ಆದರೆ ನಿಫ್ಟಿಯ ಪಟ್ಟಿಯಲ್ಲಿ ಅದು ಐವತ್ತರಲ್ಲಿ ಒಂದು. ಕೆಲವೇ ದಿನಗಳಲ್ಲಿ ಅದನ್ನು ತೆಗೆದುಹಾಕಿ ಬೇರೆ ಕಂಪನಿಯನ್ನು ಸೇರಿಸಿದರು. ವರ್ಷಕ್ಕೆ ಎರಡು ಸಲ ಈ ಪಟ್ಟಿಯ ಪರಿಶೀಲನೆ ನಡೆದೇ ನಡೆಯುತ್ತದೆ. ಸೊರಗಿದ್ದು ಹೊರಗೆ ಹೋಗುತ್ತದೆ, ಬೆಳೆದದ್ದು ಒಳಗೆ ಬರುತ್ತದೆ. ತೋಟದಲ್ಲಿ ಸತ್ತ ಅಡಿಕೆ ಮರದ ಜಾಗದಲ್ಲಿ ಹೊಸ ಸಸಿ ನೆಡುವಂತೆ ಈ ಕೆಲಸ ತಾನಾಗಿ ನಡೆಯುತ್ತಿರುತ್ತದೆ.

ಇಂಥ ನಿಧಿಯನ್ನು ಜನಸಾಮಾನ್ಯರಿಗೆ ಮೊದಲು ತೆರೆದವರು ಅಮೆರಿಕದ ಜಾನ್ ಬೋಗಲ್. 1976ರಲ್ಲಿ ಅವರು 15 ಕೋಟಿ ಡಾಲರ್ ಸಂಗ್ರಹದ ಗುರಿ ಇಟ್ಟುಕೊಂಡರು. ಬಂದದ್ದು ಸುಮಾರು 1 ಕೋಟಿ 13 ಲಕ್ಷ ಡಾಲರ್ ಮಾತ್ರ. ಪೇಟೆಯವರು ಅದನ್ನು ಬೋಗಲ್ ಮಾಡಿದ ಹುಚ್ಚು ಎಂದರು. ಅವರು ಬಿಡಲಿಲ್ಲ. ಇವತ್ತು ಅವರು ಕಟ್ಟಿದ ವ್ಯಾನ್‌ಗಾರ್ಡ್ ಜಗತ್ತಿನ ಅತಿ ದೊಡ್ಡ ನಿಧಿ ಸಂಸ್ಥೆಗಳಲ್ಲಿ ಒಂದು. ನಮ್ಮಲ್ಲಿಯೂ 2015ರ ಆಗಸ್ಟ್‌ನಿಂದ ನೌಕರರ ಭವಿಷ್ಯ ನಿಧಿಯ ಹೊಸ ಹಣದ ಒಂದು ಪಾಲು ಸೆನ್ಸೆಕ್ಸ್, ನಿಫ್ಟಿಗಳನ್ನು ಅನುಸರಿಸುವ ನಿಧಿಗಳಿಗೆ ಹೋಗುತ್ತಿದೆ. ಪಿಎಫ್ ಇರುವ ಕಾರ್ಮಿಕರು ತಮಗೆ ತಿಳಿಯದೆಯೇ ಈ ದಾರಿಯಲ್ಲಿ ಹೆಜ್ಜೆ ಇಟ್ಟಾಗಿದೆ.

ಬೋಗಲ್ ಅವರ ವಾದ ಬಹಳ ಸರಳ. ಪೇಟೆ ಕೊಡುವುದು ಇಷ್ಟೇ. ಅದರಲ್ಲಿ ನಡುವಿನವರು ತೆಗೆದುಕೊಂಡದ್ದು ಹೋಗಿ ಉಳಿದದ್ದು ನಮಗೆ. ಹಾಗಾಗಿ ನಡುವೆ ಹೋಗುವುದನ್ನು ಕಡಿಮೆ ಮಾಡಿ.

ನಮ್ಮ ಕಡೆಯ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆರೆಯಲ್ಲಿ ಎಷ್ಟು ನೀರಿದ್ದರೇನು, ತೋಡಿನ ದಂಡೆಯಲ್ಲಿ ಏಡಿ ಕೊರೆದ ಬಿಲಗಳಿದ್ದರೆ ಅಡಿಕೆ ಬುಡಕ್ಕೆ ತಲುಪುವುದು ಅರ್ಧ. ನಿಧಿಯ ವಾರ್ಷಿಕ ವೆಚ್ಚ ಅಂಥದೇ ಸೋರಿಕೆ. ಪರಿಣತರು ಕುಳಿತು ಷೇರು ಆರಿಸುವ ನಿಧಿಗಳನ್ನು ಏಜೆಂಟರ ಮೂಲಕ ಕೊಂಡರೆ ನೂರು ರೂಪಾಯಿಗೆ ವರ್ಷಕ್ಕೆ ಒಂದೂವರೆ, ಎರಡು ರೂಪಾಯಿ ಹೋಗುವುದು ಸಾಮಾನ್ಯ. ಸೂಚ್ಯಂಕ ನಿಧಿಯಲ್ಲಿ ಆರಿಸುವ ಕೆಲಸವೇ ಇಲ್ಲ. ನೇರವಾಗಿ ಕೊಂಡರೆ ನೂರಕ್ಕೆ ಇಪ್ಪತ್ತು ಪೈಸೆಯ ಆಸುಪಾಸಿನಲ್ಲಿ ಮುಗಿಯುತ್ತದೆ.

ಒಂದೂವರೆ ರೂಪಾಯಿ ಏನು ಮಹಾ ಎನ್ನಿಸಬಹುದು. ಲೆಕ್ಕ ಹಾಕೋಣ. ತಿಂಗಳಿಗೆ ಸಾವಿರ ರೂಪಾಯಿಯಂತೆ ಇಪ್ಪತ್ತೈದು ವರ್ಷ ಕಟ್ಟುತ್ತೀರಿ. ಕೈಯಿಂದ ಹೋಗುವುದು ಮೂರು ಲಕ್ಷ. ವೆಚ್ಚ ಕಳೆಯುವ ಮೊದಲು ವರ್ಷಕ್ಕೆ ನೂರಕ್ಕೆ ಹತ್ತು ಬೆಳೆಯುತ್ತದೆ ಎಂದು ಇಟ್ಟುಕೊಳ್ಳಿ. ಇದು ಲೆಕ್ಕಕ್ಕಾಗಿ ಹಿಡಿದ ಅಂಕಿ, ಯಾರೂ ಕೊಟ್ಟ ಭರವಸೆಯಲ್ಲ. ವೆಚ್ಚ ಇಪ್ಪತ್ತು ಪೈಸೆಯಾದರೆ ಕೊನೆಗೆ ಸುಮಾರು 12 ಲಕ್ಷ 82 ಸಾವಿರ ಸಿಗುತ್ತದೆ. ವೆಚ್ಚ ಒಂದೂವರೆ ರೂಪಾಯಿಯಾದರೆ 10 ಲಕ್ಷ 32 ಸಾವಿರ. ನಡುವಿನ ಅಂತರ ಎರಡೂವರೆ ಲಕ್ಷ! ನೀವು ಇಪ್ಪತ್ತೈದು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಹಾಕಿದ್ದು ಮೂರು ಲಕ್ಷ, ಅದಕ್ಕೆ ಹತ್ತಿರ ಹತ್ತಿರದ ಮೊತ್ತ ಏಡಿ ಬಿಲದಲ್ಲಿ ಹರಿದುಹೋಯಿತು.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಬ್ಯಾಂಕಿನಲ್ಲಿದ್ದೂ ನಾನು ಎಡವಿದ್ದೇನೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ಪರಿಚಯದವರೊಬ್ಬರ ಮಾತು ಕೇಳಿ, ವಿಮೆಯೂ ಹೌದು, ಹೂಡಿಕೆಯೂ ಹೌದು ಎಂಬ ಒಂದು ಯೋಜನೆಗೆ ಸಹಿ ಹಾಕಿದೆ. ವರ್ಷ ಕಳೆದು ಹೇಳಿಕೆ ಪತ್ರ ಬಂದಾಗ ಮೊದಲ ಕಂತಿನ ದೊಡ್ಡ ಪಾಲು ಶುಲ್ಕಕ್ಕೇ ಹೋಗಿತ್ತು. ಎಷ್ಟು ಲಾಭ ಬರುತ್ತದೆ ಎಂದು ಹತ್ತು ಸಲ ಕೇಳಿದ್ದೆ. ಎಷ್ಟು ಕಡಿತವಾಗುತ್ತದೆ ಎಂದು ಒಂದು ಸಲವೂ ಕೇಳಿರಲಿಲ್ಲ. ಮಗಳ ಕಾಲೇಜಿಗೆಂದು ಇಟ್ಟ ಹಣ ಅದು. ಆ ನೋವಿನಿಂದಲೇ ಹೇಳುತ್ತೇನೆ: ವಿಮೆಯನ್ನು ವಿಮೆಯಾಗಿ ಕೊಳ್ಳಿ, ಹೂಡಿಕೆಯನ್ನು ಹೂಡಿಕೆಯಾಗಿ ಮಾಡಿ, ಮತ್ತು ಮೊದಲು ಕೇಳುವ ಪ್ರಶ್ನೆ ಕಡಿತದ್ದಾಗಿರಲಿ.

ನಮ್ಮ ದೇಶದಲ್ಲಿ 2013ರ ಜನವರಿ 1ರಿಂದ ಪ್ರತಿಯೊಂದು ಮ್ಯೂಚುವಲ್ ಫಂಡ್ ಯೋಜನೆಗೂ ಎರಡು ಬಾಗಿಲುಗಳಿವೆ. ಒಂದು ರೆಗ್ಯುಲರ್, ಇನ್ನೊಂದು ಡೈರೆಕ್ಟ್. ರೆಗ್ಯುಲರ್‌ನಲ್ಲಿ ಏಜೆಂಟರ ಕಮಿಷನ್ ಸೇರಿರುತ್ತದೆ, ಅದೂ ಒಂದು ಸಲಕ್ಕಲ್ಲ, ನಿಮ್ಮ ಹಣ ಇರುವಷ್ಟು ಕಾಲವೂ. ಡೈರೆಕ್ಟ್‌ನಲ್ಲಿ ಅದಿಲ್ಲ. ಒಳಗಿರುವ ಷೇರು ಎರಡರಲ್ಲೂ ಒಂದೇ. ಫಾರ್ಮು ತುಂಬಿಸಿ, ಸಂಶಯ ಬಗೆಹರಿಸಿ, ಪೇಟೆ ಬಿದ್ದಾಗ ಧೈರ್ಯ ಹೇಳುವ ಒಳ್ಳೆಯ ಏಜೆಂಟರಿದ್ದರೆ ಅವರ ಶ್ರಮಕ್ಕೆ ಕೊಡುವುದರಲ್ಲಿ ತಪ್ಪಿಲ್ಲ. ಆದರೆ ಎಷ್ಟು ಕೊಡುತ್ತಿದ್ದೇವೆ ಎಂಬುದು ನಮಗೆ ಗೊತ್ತಿರಬೇಕು.

ಇನ್ನು ಕಂತಿನ ಮಾತು. ತಿಂಗಳಿಗೊಮ್ಮೆ ನಿಗದಿತ ದಿನ ನಿಮ್ಮ ಖಾತೆಯಿಂದ ನಿಗದಿತ ಮೊತ್ತ ತಾನಾಗಿ ನಿಧಿಗೆ ಹೋಗುವ ವ್ಯವಸ್ಥೆಗೆ ಎಸ್‌ಐಪಿ ಎನ್ನುತ್ತಾರೆ. ಇವತ್ತಿನ ಸೈಕಲ್ ಗಂಟೆ ಇದೇ. ನೂರು, ಇನ್ನೂರೈವತ್ತು, ಐನೂರು ರೂಪಾಯಿಯಿಂದಲೂ ಆರಂಭಿಸಲು ಅವಕಾಶವುಂಟು. ಐನೂರು ರೂಪಾಯಿಯ ಕಂತು ಹಾಕುವಾಗ ಮೊದಲ ತಿಂಗಳು ನಿಧಿಯ ಒಂದು ಪಾಲಿನ, ಅಂದರೆ ಯೂನಿಟ್ಟಿನ, ಬೆಲೆ 10 ರೂಪಾಯಿ ಇದ್ದರೆ 50 ಯೂನಿಟ್ ಸಿಗುತ್ತದೆ. ಮರುತಿಂಗಳು ಬೆಲೆ 8ಕ್ಕೆ ಇಳಿದರೆ 62.5 ಯೂನಿಟ್. ಮೂರನೆಯ ತಿಂಗಳು 12.50ಕ್ಕೆ ಏರಿದರೆ 40. ಒಟ್ಟು 1,500 ರೂಪಾಯಿಗೆ 152.5 ಯೂನಿಟ್, ಅಂದರೆ ಒಂದಕ್ಕೆ ಸುಮಾರು 9 ರೂಪಾಯಿ 84 ಪೈಸೆ ಬಿತ್ತು. ಅಗ್ಗವಾದಾಗ ಹೆಚ್ಚು, ತುಟ್ಟಿಯಾದಾಗ ಕಡಿಮೆ ಕೊಳ್ಳುವ ಜಾಣತನ ನಾವು ಏನೂ ಮಾಡದೆ ತಾನಾಗಿ ಬಂತು. ಪೇಟೆ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ತಲೆ ಕೆಡಿಸಿಕೊಳ್ಳುವ ಕೆಲಸ ತಪ್ಪಿತು.

ಆದರೆ ನಷ್ಟದ ಭಯ ಇಲ್ಲವೆಂದು ಹೇಳಿದರೆ ನಾನು ನಿಮಗೆ ಮೋಸ ಮಾಡಿದ ಹಾಗೆ. ನನ್ನ ತಂಗಿಯ ಮಗಳು ಮಣಿಪಾಲದಲ್ಲಿ ನರ್ಸ್. 2017ರ ಜುಲೈಯಲ್ಲಿ ತಿಂಗಳಿಗೆ ಸಾವಿರ ರೂಪಾಯಿಯಂತೆ ನಿಫ್ಟಿಯ ಸೂಚ್ಯಂಕ ನಿಧಿಯೊಂದರಲ್ಲಿ ಆರಂಭಿಸಿದ್ದಳು. 2020ರ ಮಾರ್ಚ್ 23ರಂದು, ಕೊರೋನಾದ ದಿಗಿಲಿನಲ್ಲಿ, ಸೆನ್ಸೆಕ್ಸ್ ಒಂದೇ ದಿನ 3,900ಕ್ಕೂ ಹೆಚ್ಚು ಅಂಕ ಕುಸಿಯಿತು, ನೂರಕ್ಕೆ ಹದಿಮೂರು. ಆ ರಾತ್ರಿ ಅವಳ ಫೋನು ಬಂತು.

“ಮಾವ, ಮೂವತ್ಮೂರು ಸಾವಿರ ಹಾಕಿದ್ದೆ. ಈಗ ಇಪ್ಪತ್ಮೂರು ತೋರಿಸ್ತಾ ಉಂಟು. ಎಂಥ ಮಾಡುದು? ನಿಲ್ಲಿಸಿ ಬಿಡ್ಲಾ?”

“ಆ ಹಣ ನಿಂಗೆ ಈಗ ಬೇಕಾ?”

“ಈಗ ಬೇಡ. ಮಗು ಕಾಲೇಜಿಗೆ ಹೋಗುವಾಗ ಅಂತ ಇಟ್ಟದ್ದಲ್ವಾ?”

“ಮಗುವಿಗೆ ಎಷ್ಟು ವರ್ಷ?”

“ಮೂರು.”

“ಹಾಗಾದ್ರೆ ಮಾರುದಕ್ಕೆ ಇನ್ನೂ ಹದಿನೈದು ವರ್ಷ ಉಂಟು. ಈಗ ನೀನು ಕೊಳ್ಳುವವಳು ಮಾತ್ರ. ಕೊಳ್ಳುವವಳಿಗೆ ಬೆಲೆ ಇಳಿದ್ರೆ ಎಂಥ ತೊಂದರೆ?”

ಅವಳು ಕಂತು ನಿಲ್ಲಿಸಲಿಲ್ಲ. ಆ ಭಯದ ತಿಂಗಳುಗಳಲ್ಲಿ, ಡ್ಯೂಟಿ ಮುಗಿಸಿ ಮನೆಗೆ ಬರಲೂ ಹೆದರುತ್ತಿದ್ದ ದಿನಗಳಲ್ಲಿ ಕೊಂಡ ಯೂನಿಟ್ಟುಗಳೇ ಅವಳಿಗೆ ಅತಿ ಅಗ್ಗಕ್ಕೆ ಸಿಕ್ಕಿದ್ದು. ಆ ವರ್ಷದ ನವೆಂಬರ್ ಹೊತ್ತಿಗೆ ಪೇಟೆ ಕುಸಿತದ ಹಿಂದಿನ ಎತ್ತರವನ್ನು ದಾಟಿತು.

ಪ್ರತಿ ಸಲವೂ ಇಷ್ಟು ಬೇಗ ಚೇತರಿಕೆ ಬರುತ್ತದೆ ಎಂದು ನಂಬಬೇಡಿ. 2008ರ ಜನವರಿಯಲ್ಲಿ 21 ಸಾವಿರದ ಹತ್ತಿರ ಇದ್ದ ಸೆನ್ಸೆಕ್ಸ್ ಅಕ್ಟೋಬರ್ ಹೊತ್ತಿಗೆ ಎಂಟು ಸಾವಿರದ ಸಮೀಪಕ್ಕೆ ಬಿತ್ತು. 2010ರಲ್ಲಿ ಒಮ್ಮೆ ಹಳೆಯ ಎತ್ತರ ಮುಟ್ಟಿ ಮತ್ತೆ ಜಾರಿತು. ಗಟ್ಟಿಯಾಗಿ ಮೇಲೆ ನಿಲ್ಲಲು 2013ರ ಕೊನೆಯವರೆಗೆ ಕಾಯಬೇಕಾಯಿತು. ಜಪಾನಿನ ನಿಕ್ಕಿ ಸೂಚ್ಯಂಕ 1989ರ ಡಿಸೆಂಬರಿನಲ್ಲಿ ಮುಟ್ಟಿದ್ದ ಎತ್ತರವನ್ನು ಮತ್ತೆ ಕಂಡದ್ದು 2024ರ ಫೆಬ್ರವರಿಯಲ್ಲಿ, ಮೂವತ್ತನಾಲ್ಕು ವರ್ಷ ಕಳೆದ ಮೇಲೆ. ಆದ್ದರಿಂದಲೇ ಎಲ್ಲ ಹಣವನ್ನೂ ಷೇರಿನಲ್ಲಿ ಇಡಬಾರದು. ಪಿಪಿಎಫ್, ಸುಕನ್ಯಾ ಸಮೃದ್ಧಿ, ಬ್ಯಾಂಕ್ ಠೇವಣಿ ಜತೆಯಲ್ಲಿರಲಿ. ಬ್ಯಾಂಕಿನ ಠೇವಣಿಗೆ ಐದು ಲಕ್ಷದವರೆಗೆ ವಿಮೆಯುಂಟು, ಮ್ಯೂಚುವಲ್ ಫಂಡಿಗೆ ಅಂಥ ರಕ್ಷಣೆ ಯಾವುದೂ ಇಲ್ಲ. ಹಣ ಬೇಕಾಗುವ ಕಾಲ ಹತ್ತಿರ ಬಂದಂತೆ, ಮೂರು ನಾಲ್ಕು ವರ್ಷ ಮೊದಲಿನಿಂದಲೇ, ಸ್ವಲ್ಪ ಸ್ವಲ್ಪವಾಗಿ ತೆಗೆದು ಠೇವಣಿಗೆ ಸೇರಿಸುತ್ತ ಬನ್ನಿ.

ಆರಂಭಿಸುವ ಮೊದಲು ಮೂರು ಕೆಲಸ ಮುಗಿದಿರಬೇಕು. ಮೊದಲನೆಯದು, ದುಬಾರಿ ಬಡ್ಡಿಯ ಸಾಲ ತೀರಬೇಕು. ನೂರಕ್ಕೆ ಇಪ್ಪತ್ತನಾಲ್ಕು ಬಡ್ಡಿ ಕಟ್ಟುತ್ತಿರುವವರಿಗೆ ಆ ಸಾಲ ತೀರಿಸುವುದಕ್ಕಿಂತ ಲಾಭದ ಹೂಡಿಕೆ ಇನ್ನೊಂದಿಲ್ಲ. ಎರಡನೆಯದು, ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ಬೇರೆಯಾಗಿ ಇರಬೇಕು. ಮೂರನೆಯದು ಆರೋಗ್ಯ ವಿಮೆ. ಈ ಮೂರಿಲ್ಲದೆ ಆರಂಭಿಸಿದರೆ ಮನೆಯಲ್ಲಿ ಕಾಯಿಲೆ ಬಂದ ದಿನವೇ ಪೇಟೆಯೂ ಬಿದ್ದಿದ್ದರೆ, ನಷ್ಟದಲ್ಲಿ ಮಾರಬೇಕಾದೀತು.

ಎಲ್ಲರಿಗೂ ತಿಂಗಳ ಸಂಬಳ ಇರುವುದಿಲ್ಲ. ನಮ್ಮ ಮಲ್ಪೆ, ಗಂಗೊಳ್ಳಿಯ ಯಾಂತ್ರಿಕ ದೋಣಿಗಳು ಜೂನ್ ಮತ್ತು ಜುಲೈ ಎರಡು ತಿಂಗಳು ದಡದಲ್ಲೇ ಇರುತ್ತವೆ. ಅಂಥ ಸಂಪಾದನೆಯವರು ಕಂತನ್ನು ಒಳ್ಳೆಯ ತಿಂಗಳಿನ ಲೆಕ್ಕದಲ್ಲಿ ಇಡಬಾರದು, ಕೆಟ್ಟ ತಿಂಗಳಿನ ಲೆಕ್ಕದಲ್ಲಿ ಇಡಬೇಕು. ಬಹುತೇಕ ನಿಧಿಗಳಲ್ಲಿ ಕೆಲವು ತಿಂಗಳು ಕಂತಿಗೆ ವಿರಾಮ ಕೊಡುವ ಸೌಲಭ್ಯವುಂಟು. ಖಾತೆಯಲ್ಲಿ ಹಣವಿಲ್ಲದೆ ಕಂತು ತಪ್ಪಿದರೆ ಬ್ಯಾಂಕು ದಂಡ ಹಾಕುವುದರಿಂದ, ಹಣ ಕೈಗೆ ಬರುವ ದಿನದ ಮರುದಿನವನ್ನೇ ಕಂತಿನ ದಿನವಾಗಿ ಆರಿಸಿ.

ಬೇಕಾಗುವ ದಾಖಲೆಗಳು ಹೆಚ್ಚೇನಿಲ್ಲ: ಪ್ಯಾನ್, ಆಧಾರ್, ಬ್ಯಾಂಕ್ ಖಾತೆ. ಕೆವೈಸಿ ಒಮ್ಮೆ ಮುಗಿದರೆ ಸಾಕು. ನಾಮಿನಿಯ ಹೆಸರು ಬರೆಸಲು ಮರೆಯಬೇಡಿ, ಮನೆಯಲ್ಲಿ ಒಬ್ಬರಿಗಾದರೂ ವಿಷಯ ತಿಳಿಸಿಡಿ. ವರ್ಷಕ್ಕಿಂತ ಹೆಚ್ಚು ಇಟ್ಟು ಮಾರಿದರೆ, ಒಂದು ಹಣಕಾಸು ವರ್ಷದಲ್ಲಿ ಇಂಥ ಲಾಭ ಒಂದೂಕಾಲು ಲಕ್ಷದವರೆಗೆ ತೆರಿಗೆಯಿಲ್ಲ. ಅದಕ್ಕೆ ಮೇಲ್ಪಟ್ಟ ಲಾಭಕ್ಕೆ ನೂರಕ್ಕೆ ಹನ್ನೆರಡೂವರೆ. ಇದು 2024ರ ಬಜೆಟ್ಟಿನಲ್ಲಿ ಬಂದ ಕ್ರಮ.

ಒಂದು ಎಚ್ಚರಿಕೆ. ಆರು ತಿಂಗಳಲ್ಲಿ ಹಣ ದುಪ್ಪಟ್ಟು ಎಂದು ವಾಟ್ಸಾಪಿನಲ್ಲಿ ಬರುವ ಸಂದೇಶಗಳಿಗೂ ನಾನು ಹೇಳಿದ ವಿಷಯಕ್ಕೂ ಯಾವ ಸಂಬಂಧವೂ ಇಲ್ಲ. ನಿಜವಾದ ನಿಧಿ ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯಲ್ಲಿ ನೋಂದಣಿಯಾಗಿರುತ್ತದೆ, ಲಾಭದ ಭರವಸೆ ಕೊಡುವುದಿಲ್ಲ, ನಿಮ್ಮ ಹಣವನ್ನು ಯಾರದೋ ಸ್ವಂತ ಖಾತೆಗೆ ಹಾಕಿಸಿಕೊಳ್ಳುವುದಿಲ್ಲ. ದೂರು ಕೊಡಬೇಕಾದರೆ ಸೆಬಿಯ ಸ್ಕೋರ್ಸ್ ಎಂಬ ವ್ಯವಸ್ಥೆಯಿದೆ.

ಕೇಳುಗರೇ, ಅಮ್ಮ ತೀರಿಕೊಂಡ ಮೇಲೆ ಅವಳ ಕಬ್ಬಿಣದ ಪೆಟ್ಟಿಗೆಯಲ್ಲಿ ನನಗೊಂದು ಹಳೆಯ ಪಿಗ್ಮಿ ಕಾರ್ಡು ಸಿಕ್ಕಿತು. ಸಾಲು ಸಾಲಾಗಿ ಐವತ್ತು ಪೈಸೆ, ಐವತ್ತು ಪೈಸೆ, ಅಲ್ಲಲ್ಲಿ ಇಪ್ಪತ್ತೈದು. ಆ ಇಪ್ಪತ್ತೈದರ ಮೇಲೆ ನನ್ನ ಕಣ್ಣು ನಿಂತಿತು. ಒಲೆಯ ಮೇಲೆ ಬರೀ ಗಂಜಿ ಇದ್ದ ದಿನಗಳವು. ಆ ದಿನಗಳಲ್ಲಿಯೂ ಅವಳು ಸಾಲನ್ನು ಖಾಲಿ ಬಿಟ್ಟಿರಲಿಲ್ಲ.

ಅವಳಿಗೆ ನಿಫ್ಟಿ ಗೊತ್ತಿರಲಿಲ್ಲ, ಚಕ್ರಬಡ್ಡಿಯ ಲೆಕ್ಕವೂ ಬರುತ್ತಿರಲಿಲ್ಲ. ಬಿಡದೆ ಕೊಡಬೇಕು ಎಂಬುದಷ್ಟೇ ಗೊತ್ತಿತ್ತು. ನಮಗೆ ಇವತ್ತು ಅವಳಿಗಿಲ್ಲದ ಅನುಕೂಲಗಳಿವೆ: ಐನೂರು ರೂಪಾಯಿಗೆ ದೇಶದ ಐವತ್ತು ಉದ್ಯಮಗಳಲ್ಲಿ ಪಾಲು ಸಿಗುತ್ತದೆ, ಸೋರಿಕೆ ಎಷ್ಟೆಂದು ಮೊದಲೇ ನೋಡಿ ಆರಿಸಬಹುದು. ಅವಳ ಹತ್ತಿರ ಇದ್ದದ್ದು ನಮ್ಮ ಹತ್ತಿರವೂ ಇರಲಿ. ನಿಮ್ಮ ಕೆಟ್ಟ ತಿಂಗಳಿಗೂ ಭಾರವಾಗದ ಒಂದು ಮೊತ್ತವನ್ನು ಈ ವಾರ ಮನೆಯವರೊಡನೆ ಕುಳಿತು ಗೊತ್ತುಮಾಡಿ. ಅದು ಇನ್ನೂರೈವತ್ತೇ ಆಗಿರಲಿ.